ಮೀನು ಹಿಡಿಯುವ ಬಲೆ-ಗಾಳಗಳು: ಆಯ್ಕೆ, ಬಳಕೆ ಮತ್ತು ಸಾಗಾಟ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದರೆ ಜೋಳ, ಕಡಲೆ, ತೊಗರಿಗಳ ನಾಡು. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವವರು, ಎರೆಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬಿತ್ತುವ ದಿನ ಗೊತ್ತುಮಾಡುವವರು ನಮ್ಮಲ್ಲಿ ಮನೆಗೊಬ್ಬರು ಸಿಗುತ್ತಾರೆ. ಆದರೆ ಬಲೆಯ ಹದ ಬಲ್ಲವರು ಬಹುಕಾಲ ನದಿಯ ದಂಡೆಯ ಅಂಬಿಗರ ಓಣಿಗಳಲ್ಲಿ ಮಾತ್ರ ಇದ್ದರು. ಕೃಷ್ಣೆ, ಭೀಮೆ, ಡೋಣಿಗಳ ದಂಡೆಯನ್ನು ಬಿಟ್ಟರೆ ಬೇಸಿಗೆಯಲ್ಲಿ ನೀರು ನಿಲ್ಲುವ ತಾಣಗಳೇ ನಮ್ಮಲ್ಲಿ ವಿರಳವಾಗಿದ್ದವು. ನೀರಿಲ್ಲದ ಊರಿಗೆ ಬಲೆ ಏತಕ್ಕೆ?

ಈಗ ಆ ಸ್ಥಿತಿ ಇಲ್ಲ. ೧೯೬೪ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಆಲಮಟ್ಟಿ ಅಣೆಕಟ್ಟನ್ನು ೨೦೦೬ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ನಾಡಿಗೆ ಅರ್ಪಿಸಿದರು. ಅದರಲ್ಲಿ ೧೨೩ ಟಿಎಂಸಿ ನೀರು ನಿಲ್ಲುತ್ತದೆ. ಕೆಳಗಿನ ನಾರಾಯಣಪುರದ ಬಸವಸಾಗರದ ಹಿನ್ನೀರು ಮುದ್ದೇಬಿಹಾಳದ ಕಡೆಯ ದಂಡೆಯನ್ನು ಮುಟ್ಟಿದೆ. ಮುಳವಾಡ ಮುಂತಾದ ಏತ ನೀರಾವರಿ ಯೋಜನೆಗಳಿಂದ ಒಣಗಿ ಬಿರಿದಿದ್ದ ಕೆರೆಗಳಿಗೆ ಕೃಷ್ಣೆಯ ನೀರು ಬಂದಿದೆ. ೨೦೧೪ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಹೊಲಗಳಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡಗಳು ಎದ್ದಿವೆ. ನೀರಿನ ಹಿಂದೆ ಮೀನು ಬಂತು, ಮೀನಿನ ಹಿಂದೆ ಬಲೆ ಬಂತು.

ಆದರೆ ಬಲೆ ಕೊಳ್ಳುವಾಗ ಬಹಳ ಜನ ನೋಡುವುದು ಬೆಲೆಯೊಂದನ್ನೇ. ಕೂರಿಗೆ ಕೊಳ್ಳುವಾಗ ನಾವು ತಾಳಿನ ಅಂತರ ನೋಡುತ್ತೇವೆ. ಬಲೆ ಕೊಳ್ಳುವಾಗ ಅದರ ಕಣ್ಣಿನ ಅಳತೆಯನ್ನು ಅಷ್ಟೇ ಜಾಗ್ರತೆಯಿಂದ ನೋಡಬೇಕು. ಇದನ್ನು ಮರೆತರೆ ತುಂಬಿದ ಕೆರೆಯೂ ಒಂದೇ ಹಂಗಾಮಿನಲ್ಲಿ ಬರಿದಾಗುತ್ತದೆ.

ಬಲೆಯ ಕಣ್ಣು ಅಳೆಯುವ ಬಗೆ

ಬಲೆಯ ಒಂದು ಕಣ್ಣನ್ನು ಎರಡು ಎದುರುಬದುರು ಗಂಟುಗಳಲ್ಲಿ ಹಿಡಿದು ಪೂರ್ತಿ ಎಳೆಯಿರಿ. ಈ ಎರಡು ಗಂಟುಗಳ ನಡುವಿನ ಅಂತರವೇ ಕಣ್ಣಿನ ಅಳತೆ. ಅಂಗಡಿಯವರು ಕೆಲವು ಸಲ ಒಂದು ಬದಿಯ ದಾರದ ಉದ್ದವನ್ನಷ್ಟೇ ಹೇಳುವುದುಂಟು. ಅದು ಎಳೆದ ಅಳತೆಯ ಅರ್ಧ. ಆದ್ದರಿಂದ ಯಾವ ಅಳತೆ ಎಂದು ಕೇಳಿ, ಕೈಯಲ್ಲಿ ಪಟ್ಟಿ ಹಿಡಿದು ನೋಡಿಯೇ ಹಣ ಕೊಡಿ.

ಯಾವ ಮೀನಿಗೆ ಎಷ್ಟು ಕಣ್ಣು? ಇದಕ್ಕೊಂದು ಸುಲಭ ಲೆಕ್ಕವಿದೆ. ರೋಹು, ಮೃಗಾಲ್‌ದಂಥ ಸಾಧಾರಣ ಮೈಕಟ್ಟಿನ ಮೀನಾದರೆ ಅದರ ಉದ್ದವನ್ನು ಮೂರೂವರೆಯಿಂದ ಭಾಗಿಸಬೇಕು. ೧೪ ಅಂಗುಲದ ರೋಹು ಬೇಕಾದರೆ ೪ ಅಂಗುಲದ ಕಣ್ಣು. ಮೈ ದಪ್ಪಗಿದ್ದು ಗಿಡ್ಡಾಗಿರುವ ಮೀನಿಗೆ ಎರಡೂವರೆಯಿಂದ, ಉದ್ದ ಸಣಕಲು ಮೀನಿಗೆ ಐದರಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ. ಮೀನಿನ ತಲೆ ಕಣ್ಣಿನಲ್ಲಿ ತೂರಬೇಕು, ಮೈ ತೂರಬಾರದು. ಹಿಂದಕ್ಕೆ ಸರಿಯಹೋದಾಗ ಕಿವಿರಿನ ಮುಚ್ಚಳ ದಾರಕ್ಕೆ ಸಿಕ್ಕುತ್ತದೆ. ಸಣ್ಣ ಮರಿ ದಾಟಿ ಹೋಗುತ್ತದೆ. ರಾಶಿ ಮಾಡುವಾಗ ಜರಡಿ ಮಾಡುವ ಕೆಲಸವನ್ನೇ ನೀರಿನಲ್ಲಿ ಬಲೆ ಮಾಡುತ್ತದೆ.

ಈಗ ಲಾಭ-ಹಾನಿ ನೋಡೋಣ. ಜುಲೈ-ಆಗಸ್ಟ್‌ನಲ್ಲಿ ಕೆರೆಗೆ ಬಿಟ್ಟ ಮರಿ ಚಳಿಗಾಲದ ಹೊತ್ತಿಗೆ ಏಳು ಅಂಗುಲ ಬೆಳೆದಿದೆ ಎಂದಿಟ್ಟುಕೊಳ್ಳಿ. ೨ ಅಂಗುಲದ ಬಲೆ ಅದನ್ನು ಹಿಡಿದುಬಿಡುತ್ತದೆ. ಆಗ ಅದರ ತೂಕ ನೂರು ಗ್ರಾಮಿನೊಳಗೆ. ಮೇವು ಚೆನ್ನಾಗಿದ್ದು ವರ್ಷ ತುಂಬಿದರೆ ಅದೇ ಮೀನು ಮುಕ್ಕಾಲು ಕಿಲೋದಿಂದ ಒಂದು ಕಿಲೋ ತೂಗುತ್ತದೆ. ಹಾಲುಗಾಳು ಕಟ್ಟಿದ ಜೋಳವನ್ನು ಕೊಯ್ದು ಸಂತೆಗೆ ಒಯ್ಯುವ ಒಕ್ಕಲಿಗನುಂಟೆ? ಸಣ್ಣ ಕಣ್ಣಿನ ಬಲೆ ಹಾಕುವವನು ಮಾಡುವುದು ಅದನ್ನೇ.

ನದಿ ಮತ್ತು ಜಲಾಶಯಗಳಲ್ಲಿ ಹಾನಿ ಇನ್ನೂ ದೊಡ್ಡದು. ಕಾಟ್ಲಾ, ರೋಹು, ಮೃಗಾಲ್‌ಗಳು ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆಯಿಡುವುದಿಲ್ಲ. ಮಳೆಗಾಲದ ಹೊಸ ನೀರು ಹರಿಯುವಾಗ ನದಿಯಲ್ಲಿ ಮೇಲಕ್ಕೆ ಈಜಿ ಮೊಟ್ಟೆಯಿಡುತ್ತವೆ. ೧೯೫೭ರ ಜುಲೈ ೧೦ರಂದು ಡಾಕ್ಟರ್ ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದಿನಿಂದ ಗೆಂಡೆ ಮೀನಿಗೆ ಮೊಟ್ಟೆಯಿಡಿಸುವ ವಿಧಾನವನ್ನು ಸಾಧಿಸಿದರು. ಇಂದು ಕೆರೆಗಳಿಗೆ ಮರಿ ಸಿಗುತ್ತಿರುವುದು ಆ ವಿಧಾನದ ಫಲ. ಆದರೆ ನದಿಯ ಮೀನಿಗೆ ನದಿಯ ತಾಯಿಮೀನೇ ಬೀಜ. ಬರಗಾಲದಲ್ಲಿಯೂ ಬೀಜದ ಜೋಳವನ್ನು ಬೀಸದೆ ಹಗೇವಿನಲ್ಲಿ ಕಾಯ್ದ ಹಿರಿಯರ ಮನೆಗಳು ನಮ್ಮವು. ಈ ಮಾತನ್ನು ನಮಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೊಂದು ಅಪವಾದವುಂಟು. ತಿಲಾಪಿಯಾ ಮೀನು ಹೊಂಡದಲ್ಲಿಯೇ ಮರಿ ಹಾಕಿ ಕಿಕ್ಕಿರಿದು, ಉಳಿದ ಮೀನುಗಳ ಮೇವನ್ನೂ ತಿನ್ನುತ್ತದೆ. ಅದನ್ನು ಸಣ್ಣದಿರುವಾಗಲೇ ತೆಗೆಯುವುದು ಲೇಸು. ಅದಕ್ಕಾಗಿ ಸಣ್ಣ ಕಣ್ಣಿನ ಬೀಸುಬಲೆ ಬಳಸಿ, ಸಿಕ್ಕ ಗೆಂಡೆ ಮರಿಗಳನ್ನು ಒದ್ದೆ ಕೈಯಿಂದ ತಕ್ಷಣ ನೀರಿಗೆ ಬಿಡಿರಿ.

ನೀರಿಗೆ ತಕ್ಕ ಬಲೆ

೧. ಕಿವಿರು ಬಲೆ: ಇದು ಜಲಾಶಯಕ್ಕೂ ದೊಡ್ಡ ಕೆರೆಗೂ ಹೊಂದುವ ಬಲೆ. ಮೇಲಿನ ಹಗ್ಗಕ್ಕೆ ತೇಲುವ ಬೆಂಡು, ಕೆಳಗಿನ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ನೀರಿನಲ್ಲಿ ಗೋಡೆಯಂತೆ ನಿಲ್ಲಿಸುತ್ತಾರೆ. ಹಗ್ಗಕ್ಕೆ ಪೋಣಿಸುವಾಗ ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಬಾರದು. ಪೂರ್ತಿ ಎಳೆದರೆ ೧೦೦ ಅಡಿ ಆಗುವ ಬಲೆಯನ್ನು ಸುಮಾರು ೫೦ ಅಡಿ ಹಗ್ಗಕ್ಕೆ ಹೊಂದಿಸಬೇಕು. ಆಗ ಕಣ್ಣುಗಳು ಅಗಲವಾಗಿ ತೆರೆದು ನಿಲ್ಲುತ್ತವೆ.

ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುವಿನಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುತ್ತವೆ. ಬೆಂಡು ಹೆಚ್ಚಾದರೆ ಬಲೆ ತೇಲುತ್ತದೆ, ಗುಂಡು ಹೆಚ್ಚಾದರೆ ತಳಕ್ಕೆ ಕೂರುತ್ತದೆ. ಬೇಕಾದ ಮೀನು ಎಲ್ಲಿ ಮೇಯುತ್ತದೆಯೋ ಅಲ್ಲಿಗೆ ಬಲೆ ಹೊಂದಿಸಿರಿ. ಸಂಜೆ ಹಾಕಿ, ಬೆಳಗಿನ ಬಿಸಿಲು ಏರುವ ಮೊದಲೇ ಎತ್ತಿರಿ. ನಮ್ಮ ಬಿಸಿಲಿನಲ್ಲಿ ಬಲೆಯಲ್ಲಿ ಸತ್ತ ಮೀನು ಕೆಲವೇ ತಾಸುಗಳಲ್ಲಿ ಕೆಡುತ್ತದೆ.

ಮುಳುಗಡೆ ನೀರಿನಲ್ಲಿ ಒಂದು ವಿಶೇಷ ಎಚ್ಚರಿಕೆ ಬೇಕು. ಆಲಮಟ್ಟಿ ಹಿನ್ನೀರಿನ ಕೆಳಗೆ ಹಳೆಯ ಊರುಗಳ ಗೋಡೆಗಳು, ಬಾವಿಯ ಕಟ್ಟೆಗಳು, ಜಾಲಿಯ ಬೊಡ್ಡೆಗಳು ಇವೆ. ಅಲ್ಲಿ ತಳದ ಬಲೆ ಹಾಕಿದರೆ ಸಿಕ್ಕಿ ಹರಿಯುತ್ತದೆ. ಆ ಊರುಗಳಲ್ಲಿ ಹುಟ್ಟಿ ಬೆಳೆದ ಹಿರಿಯರನ್ನು ಕೇಳಿದರೆ ಓಣಿ ಎಲ್ಲಿತ್ತು, ಬಯಲು ಎಲ್ಲಿತ್ತು ಎಂದು ತೋರಿಸಬಲ್ಲರು. ಅವರ ನೆನಪು ಬಲೆಯನ್ನು ಉಳಿಸುತ್ತದೆ.

೨. ಬೀಸುಬಲೆ: ಆಳವಿಲ್ಲದ ಕೆರೆಯಂಚಿಗೂ ನದಿಯ ಮಡುವಿಗೂ ಒಬ್ಬನೇ ಬಳಸಬಹುದಾದ ಬಲೆ. ದುಂಡಗೆ ಬಿಚ್ಚಿಕೊಂಡು ಬೀಳುವಂತೆ ಬೀಸುವುದು ಅಭ್ಯಾಸದ ಮಾತು. ಮೊದಲು ಕಣದಲ್ಲಿ ಒಣನೆಲದ ಮೇಲೆ ಬೀಸಿ ಕಲಿಯಿರಿ. ೧೦ ಅಡಿ ಎತ್ತರದ ಬಲೆಯನ್ನು ಅದರ ಅರ್ಧದಷ್ಟು, ಅಂದರೆ ೫ ಅಡಿಗಿಂತ ಹೆಚ್ಚು ಆಳದಲ್ಲಿ ಬೀಸಿದರೆ ಗುಂಡುಗಳು ತಳ ಮುಟ್ಟುವಷ್ಟರಲ್ಲಿ ಮೀನು ಜಾರಿಕೊಳ್ಳುತ್ತದೆ. ಗುಂಡಿಯ ಅಂಗಿ ತೊಟ್ಟು ಬೀಸಬೇಡಿರಿ. ಬಲೆಯ ಕಣ್ಣು ಗುಂಡಿಗೆ ಸಿಕ್ಕರೆ ಬೀಸಿದ ಬಲೆ ನಿಮ್ಮನ್ನೂ ಎಳೆಯುತ್ತದೆ. ಹಗ್ಗವನ್ನು ಮಣಿಕಟ್ಟಿಗೆ ಬಿಗಿದ ಗಂಟು ಹಾಕಬಾರದು. ಬೇಕೆಂದಾಗ ಕೈ ಬಿಡಿಸಿಕೊಳ್ಳುವಂತೆ ಸಡಿಲ ಕುಣಿಕೆ ಮಾತ್ರ ಇರಲಿ.

೩. ಎಳೆಬಲೆ: ಹೊಂಡ ಮತ್ತು ಸಣ್ಣ ಕೆರೆಗಳಲ್ಲಿ ಒಂದು ದಂಡೆಯಿಂದ ಇನ್ನೊಂದು ದಂಡೆಗೆ ನಾಲ್ಕಾರು ಜನ ಎಳೆಯುವ ಬಲೆ. ಬಲೆಯ ಉದ್ದ ಹೊಂಡದ ಅಗಲದ ಒಂದೂವರೆ ಪಟ್ಟು ಇರಬೇಕು. ಪ್ಲಾಸ್ಟಿಕ್ ಹಾಳೆಯ ಹೊಂಡದಲ್ಲಿ ಕಬ್ಬಿಣದ ಅಥವಾ ಚೂಪಾದ ಭಾರ ಕಟ್ಟಬಾರದು. ಒಂದು ಸಲ ಹಾಳೆ ಸೀಳಿದರೆ ಮೀನಿನ ಲಾಭಕ್ಕಿಂತ ನೀರಿನ ನಷ್ಟವೇ ಹೆಚ್ಚು. ಭಾರದ ಬದಲು ಕೆಳಗೆ ದಪ್ಪ ಹಗ್ಗ ಕಟ್ಟಿದರೆ ಅದು ನೆನೆದು ತಳಕ್ಕೆ ಕೂರುತ್ತದೆ. ಎಳೆಯುವ ಮೊದಲು ಹೊಂಡದ ನೀರನ್ನು ನಿಂಬೆಗೋ ದ್ರಾಕ್ಷಿಗೋ ಹಾಯಿಸಿ ಮೂರು-ನಾಲ್ಕು ಅಡಿಗೆ ಇಳಿಸಿಕೊಂಡರೆ ಕೆಲಸ ಹಗುರ. ಮೀನಿದ್ದ ನೀರು ಗಿಡಕ್ಕೆ ಒಳ್ಳೆಯ ಗೊಬ್ಬರವೂ ಹೌದು.

ಗಾಳ ಮತ್ತು ಎರೆ

ಗಾಳದ ಕೊಕ್ಕೆಗಳಿಗೆ ನಂಬರುಗಳಿವೆ. ಸಾಮಾನ್ಯ ಕೊಕ್ಕೆಗಳಲ್ಲಿ ನಂಬರು ದೊಡ್ಡದಾದಷ್ಟೂ ಕೊಕ್ಕೆ ಸಣ್ಣದು. ಕೊಕ್ಕೆಯ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಗೀರು ಬಿದ್ದರೆ ಚೂಪಾಗಿದೆ, ಜಾರಿದರೆ ಮೊಂಡಾಗಿದೆ. ನೈಲಾನ್ ದಾರಕ್ಕೆ ಗಂಟು ಬಿಗಿಯುವ ಮೊದಲು ಅದನ್ನು ಒದ್ದೆ ಮಾಡಿರಿ. ಒಣದಾರ ತಿಕ್ಕಾಟದಿಂದ ಕಾದು ಸೊರಗುತ್ತದೆ.

ರೋಹು, ಗೆಂಡೆಗಳಿಗೆ ಶೇಂಗಾ ಹಿಂಡಿ ಬೆರೆಸಿ ಗಟ್ಟಿಯಾಗಿ ನಾದಿದ ಜೋಳದ ಹಿಟ್ಟಿನ ಗುಳಿಗೆ ಸಾಕು. ಎರೆಹುಳುವಿಗೆ ಬಹುತೇಕ ಮೀನುಗಳು ಬರುತ್ತವೆ. ಹಾವಿನ ತಲೆಯಂಥ ತಲೆಯುಳ್ಳ ಕೊರವ, ದೊಡ್ಡ ಬಾಯಿಯ ಬಾಳೆ ಮೀನು ಇವು ಬೇಟೆಯ ಜಾತಿ. ಇವಕ್ಕೆ ಸಣ್ಣ ಮೀನೇ ಎರೆ. ಮೀಸೆಯುಳ್ಳ ಮೀನುಗಳನ್ನು ಗಾಳದಿಂದ ಬಿಡಿಸುವಾಗ ರೆಕ್ಕೆಯ ಮುಳ್ಳುಗಳನ್ನು ನೋಡಿಕೊಳ್ಳಿ. ಚೇಳು ಮೀನಿನ ಮುಳ್ಳು ಚುಚ್ಚಿದರೆ ಹೆಸರಿಗೆ ತಕ್ಕ ಉರಿ ತಪ್ಪದು.

ಹರಿದ ದಾರವನ್ನು ದಂಡೆಯಲ್ಲಿ ಬಿಸಾಡಬಾರದು. ದನಗಳ ಗೊರಸಿಗೆ ಸುತ್ತುತ್ತದೆ. ಚಳಿಗಾಲದಲ್ಲಿ ಹಿನ್ನೀರಿಗೆ ಬರುವ ರಾಜಹಂಸ ಮುಂತಾದ ಹಕ್ಕಿಗಳ ಕಾಲಿಗೂ ತೊಡಕಾಗುತ್ತದೆ. ಹಿಂದಿನ ಹತ್ತಿಯ ಬಲೆಗಳನ್ನು ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಬಾಳಿಸುತ್ತಿದ್ದರು. ನೀರಿನಲ್ಲಿ ಕಳೆದರೆ ಕೆಲವು ತಿಂಗಳಲ್ಲಿ ಕೊಳೆತು ಹೋಗುತ್ತಿದ್ದವು. ನೈಲಾನ್ ಹಾಗಲ್ಲ. ಕಳೆದ ಬಲೆ ನೀರಿನಲ್ಲಿ ವರ್ಷಗಟ್ಟಲೆ ಮೀನು ಹಿಡಿದು ಕೊಲ್ಲುತ್ತಲೇ ಇರುತ್ತದೆ, ಅದು ಯಾರ ಹೊಟ್ಟೆಗೂ ಸೇರದು. ಆದ್ದರಿಂದ ಪ್ರತಿ ಬಲೆಗೂ ಹೆಸರು ಬರೆದ ಗುರುತಿನ ಬೆಂಡು ಕಟ್ಟಿರಿ. ಬೆಂಡಿಗಾಗಿ ಔಷಧಿ ಸಿಂಪಡಿಸಿದ ಖಾಲಿ ಡಬ್ಬಿಗಳನ್ನು ಎಂದೂ ಬಳಸಬೇಡಿರಿ. ಡಬ್ಬಿಯ ತಳದಲ್ಲಿ ಉಳಿದ ಕೀಟನಾಶಕ ಹೊಂಡದ ಮೀನನ್ನು ಕೊಲ್ಲಬಲ್ಲದು.

ಹಕ್ಕು, ಕಾಲ ಮತ್ತು ಕಾಯದೆ

ಬಲೆ ಕೊಳ್ಳುವ ಮೊದಲು ನೀರು ಯಾರ ಹಕ್ಕಿನದೆಂದು ತಿಳಿಯಿರಿ. ಸ್ವಂತ ಹೊಂಡದ ಮಾತು ಬೇರೆ. ಜಲಾಶಯದಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಿಗೆ ಬೇಕು. ಕೆರೆಗಳನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ. ಗುತ್ತಿಗೆ ಹಿಡಿದವರು ಮರಿಗೆ ಹಣ ಹಾಕಿರುತ್ತಾರೆ ಎಂಬುದನ್ನು ನೆನಪಿಡಬೇಕು. ಭೀಮೆಯ ಆಚೆ ದಂಡೆ ಹಲವೆಡೆ ಮಹಾರಾಷ್ಟ್ರಕ್ಕೆ ಸೇರಿದ್ದು, ಅಲ್ಲಿ ಆ ರಾಜ್ಯದ ಕಟ್ಟಳೆ ನಡೆಯುತ್ತದೆ.

ಸಿಡಿಮದ್ದು ಸಿಡಿಸಿ, ವಿಷ ಬೆರೆಸಿ ಮೀನು ಕೊಲ್ಲುವುದು ೧೮೯೭ರ ಭಾರತೀಯ ಮೀನುಗಾರಿಕೆ ಕಾಯದೆಯಿಂದಲೇ ಅಪರಾಧವಾಗಿದೆ. ನಮ್ಮ ರಾಜ್ಯಕ್ಕೆ ೧೯೯೬ರ ಒಳನಾಡು ಮೀನುಗಾರಿಕೆ ಅಧಿನಿಯಮವೂ ಇದೆ. ಮಳೆಗಾಲದ ಆರಂಭದಲ್ಲಿ ಮೀನು ಮೊಟ್ಟೆಯಿಡುವ ಕಾಲದಲ್ಲಿ ನದಿ, ಜಲಾಶಯಗಳಿಗೆ ಬಲೆ ಇಳಿಸದಿರಿ. ನಮಗೂ ಅದು ಬಿತ್ತುವ ಕಾಲವೇ. ಬಲೆ ಅಟ್ಟಕ್ಕೇರಲಿ, ಕೂರಿಗೆ ಹೊಲಕ್ಕಿಳಿಯಲಿ.

ಸಲಕರಣೆ ಒಯ್ಯುವುದು ಮತ್ತು ಇಡುವುದು

ಒಳಗಿನ ಹಳ್ಳಿಗಳಿಂದ ಹಿನ್ನೀರಿಗೆ ಹೋಗುವವರು ಬಸ್ಸು, ಮೋಟಾರ್ ಸೈಕಲ್, ರೈಲುಗಳನ್ನು ಹಿಡಿಯುತ್ತಾರೆ. ಸೋಲಾಪುರ-ಗದಗ ರೈಲುದಾರಿಯಲ್ಲಿ ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್, ಆಲಮಟ್ಟಿ ನಿಲ್ದಾಣಗಳಿವೆ. ದಾರಿಯಲ್ಲಿ ಈ ನಿಯಮಗಳನ್ನು ಪಾಲಿಸಿರಿ:

ಬಲೆಯನ್ನು ಗಾಳಿಯಾಡುವ ಗೋಣಿಚೀಲದಲ್ಲಿ ಒಯ್ಯಿರಿ. ಬೆಂಡಿನ ಹಗ್ಗ ಒಂದು ಕಡೆ, ಗುಂಡಿನ ಹಗ್ಗ ಇನ್ನೊಂದು ಕಡೆ ಬರುವಂತೆ ಮಡಿಸಿದರೆ ನೀರಿನ ಬಳಿ ಸಿಕ್ಕು ಬಿಡಿಸುತ್ತ ಕೂರಬೇಕಾಗಿಲ್ಲ.

ಮೋಟಾರ್ ಸೈಕಲ್ ಮೇಲೆ ಬಲೆಯ ತುದಿ, ಹಗ್ಗದ ತುದಿ ಇಳಿಬಿದ್ದಿರಬಾರದು. ಗಾಲಿಗೋ ಚೈನಿಗೋ ಸುತ್ತಿದರೆ ಸವಾರನ ಜೀವಕ್ಕೆ ಅಪಾಯ. ಸೈಲೆನ್ಸರಿಗೆ ತಗಲಿದರೆ ನೈಲಾನ್ ಕರಗುತ್ತದೆ.

ಕೊಕ್ಕೆಗಳನ್ನು ಮುಚ್ಚಳದ ಡಬ್ಬಿಯಲ್ಲಿ ಇಡಿರಿ. ಜೇಬಿನಲ್ಲಿ ಬೇಡ. ಗಾಳದ ಕೋಲಿಗೆ ಕಟ್ಟಿದ ಕೊಕ್ಕೆಯನ್ನು ಬಿಚ್ಚದೆ ಬಸ್ಸು ಹತ್ತಬಾರದು. ಕೊಕ್ಕೆ ಯಾರಿಗಾದರೂ ಆಳವಾಗಿ ಚುಚ್ಚಿದರೆ ಹಿಂದಕ್ಕೆ ಕೀಳದೆ ದವಾಖಾನೆಗೆ ಕರೆದೊಯ್ದು ಧನುರ್ವಾಯು ಚುಚ್ಚುಮದ್ದು ಹಾಕಿಸಿರಿ.

ಹಿಡಿದ ಮೀನನ್ನು ದೂರ ಒಯ್ಯುವುದಾದರೆ ಬೇಸಿಗೆಯಲ್ಲಿ ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿ ಮಂಜುಗಡ್ಡೆ ಹಾಕಿರಿ. ಮೀನು ಮತ್ತು ಬಲೆ ಒಂದೇ ಚೀಲದಲ್ಲಿರಬಾರದು.

ಹರಿಗೋಲನ್ನು ಗರಸು ನೆಲದ ಮೇಲೆ ಎಳೆಯದೆ, ಹೊತ್ತು ಅಥವಾ ಬಂಡಿಯಲ್ಲಿಟ್ಟು ಒಯ್ಯಿರಿ. ನೀರಿಗಿಳಿಸುವ ಮೊದಲು ತಳದ ಡಾಂಬರು ಬಿರುಕು ಬಿಟ್ಟಿದೆಯೇ ನೋಡಿರಿ.

ಒಂದು ನೀರಿನಿಂದ ಇನ್ನೊಂದು ನೀರಿಗೆ ಬಲೆ ಹೋಗುವಾಗ ಅದರ ಜೊತೆ ಬೇಡದ್ದೂ ಹೋಗುತ್ತದೆ. ಮೀನಿನ ಮೈಗೆ ಕಚ್ಚುವ ಹೇನಿನ ಮೊಟ್ಟೆ, ಅಂತರಗಂಗೆಯ ತುಣುಕು, ತಿಲಾಪಿಯಾ ಮರಿ ಇವು ಒದ್ದೆ ಬಲೆಯಲ್ಲಿ ಸವಾರಿ ಮಾಡಿ ನಿಮ್ಮ ಹೊಂಡ ಸೇರುತ್ತವೆ. ಆದ್ದರಿಂದ ಬಲೆಯನ್ನು ಅದೇ ನೀರಿನ ದಂಡೆಯಲ್ಲಿ ಜಾಡಿಸಿ, ಮನೆಯಲ್ಲಿ ಉಪ್ಪುನೀರಿನಲ್ಲಿ ತೊಳೆದು, ಗಾಳಿಯಾಡುವ ನೆರಳಿನಲ್ಲಿ ಎರಡು ದಿನ ಚೆನ್ನಾಗಿ ಒಣಗಿಸಿರಿ. ಬಿಸಿಲಿನಲ್ಲಿ ದಿನಗಟ್ಟಲೆ ಬಿಟ್ಟರೆ ನೈಲಾನ್ ಜೀರ್ಣವಾಗುತ್ತದೆ. ಒಣಗಿದ ಬಲೆಯನ್ನು ತೊಲೆಗೆ ತೂಗುಹಾಕಿರಿ. ಕಾಳಿನ ಚೀಲದ ಪಕ್ಕದಲ್ಲಿಟ್ಟರೆ ಇಲಿ ಕಾಳನ್ನೂ ತಿನ್ನುತ್ತದೆ, ಬಲೆಯನ್ನೂ ಕಡಿಯುತ್ತದೆ.

ಜೀವ ಮೊದಲು, ಮೀನು ಆಮೇಲೆ

ನಮ್ಮ ನದಿಗಳು ನಮ್ಮ ಮಳೆಯನ್ನು ನಂಬಿ ಏರುವುದಿಲ್ಲ. ಸಹ್ಯಾದ್ರಿಯಲ್ಲಿ ಮಳೆಯಾದರೆ, ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟರೆ, ಇಲ್ಲಿ ಬಿಸಿಲು ಹೊಡೆಯುತ್ತಿರುವಾಗಲೇ ಹೊಳೆ ತುಂಬುತ್ತದೆ. ೨೦೨೦ರ ಅಕ್ಟೋಬರಿನಲ್ಲಿ ಭೀಮೆಯ ಮಹಾಪೂರ ಇಂಡಿ, ಸಿಂದಗಿ ಭಾಗದ ದಂಡೆಯ ಹಳ್ಳಿಗಳಿಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಆಲಮಟ್ಟಿಗೆ ೨೬ ಗೇಟುಗಳಿವೆ, ವಿದ್ಯುದಾಗಾರವಿದೆ. ಅದರ ಕೆಳಗಿನ ಹರಿವಿನಲ್ಲಿ ನೀರು ಯಾವ ಹೊತ್ತಿನಲ್ಲಾದರೂ ಏರಬಹುದು. ಅಲ್ಲಿ ನದಿಯ ನಡುವಿನ ಬಂಡೆಯ ಮೇಲೆ ಕೂತು ಗಾಳ ಹಾಕಬೇಡಿರಿ.

ಕೃಷ್ಣೆಯಲ್ಲಿ ಮೊಸಳೆಗಳಿವೆ. ಮುಸ್ಸಂಜೆಯಲ್ಲಿ ನೀರಿನಂಚಿಗೆ ಕೂತು ಮೀನು ಹಸನು ಮಾಡುವುದು, ಕರುಳನ್ನು ಅಲ್ಲಿಯೇ ಎಸೆಯುವುದು ಮೊಸಳೆಗೆ ಕರೆ ಕಳಿಸಿದಂತೆ. ಹರಿಗೋಲಿನಲ್ಲಿ ಹೋಗುವವರು ತೇಲುವ ಜಾಕೀಟು ತೊಡಬೇಕು. ಅದಿಲ್ಲದಿದ್ದರೆ ಗಾಳಿ ತುಂಬಿದ ಟ್ಯೂಬಾದರೂ ಜೊತೆಗಿರಲಿ. ಗಾಳಿ ಎದ್ದ ದಿನ ನೀರಿಗಿಳಿಯಬಾರದು.

ಎಲ್ಲಕ್ಕಿಂತ ಹತ್ತಿರದ ಅಪಾಯ ಹೊಲದಲ್ಲಿಯೇ ಇದೆ. ಹಾಳೆ ಹಾಸಿದ ಹೊಂಡದ ಬದಿ ಪಾಚಿ ಕಟ್ಟಿ ಜಾರುತ್ತದೆ. ಈಜು ಬಲ್ಲವನೂ ಅದನ್ನು ಹತ್ತಲಾರ. ಹೊಂಡಕ್ಕೆ ಬೇಲಿ ಹಾಕಿ, ನಾಲ್ಕೂ ಬದಿಯಲ್ಲಿ ಗಟ್ಟಿ ಗೂಟಕ್ಕೆ ಕಟ್ಟಿ ನೀರಿನವರೆಗೆ ಗಂಟುಹಗ್ಗ ಇಳಿಬಿಡಿರಿ. ಮಕ್ಕಳನ್ನು ಬಲೆ ಬಿಡಿಸಲು ಒಂಟಿಯಾಗಿ ಕಳಿಸಬೇಡಿರಿ. ಆಳ ತಿಳಿಯದೆ ನೀರಿಗೆ ಇಳಿಯಬೇಡ ಎಂಬ ಹಿರಿಯರ ಮಾತು ಸ್ವಂತ ಹೊಂಡಕ್ಕೂ ಅನ್ವಯಿಸುತ್ತದೆ.

ಊರಿಗೊಂದು ಅಳತೆ

ಕೊನೆಯದಾಗಿ ಒಂದು ಸೂಚನೆ. ಕೆರೆಯ ಮೀನು ಹೊಲದ ಬೆಳೆಯಂತಲ್ಲ, ಅದಕ್ಕೆ ಬದುವಿಲ್ಲ. ಹತ್ತು ಜನ ದೊಡ್ಡ ಕಣ್ಣಿನ ಬಲೆ ಹಾಕಿ ಮರಿಗಳನ್ನು ಉಳಿಸಿದರೂ ಹನ್ನೊಂದನೆಯವನು ಸಣ್ಣ ಕಣ್ಣಿನ ಬಲೆ ಎಳೆದರೆ ಎಲ್ಲರ ತಾಳ್ಮೆ ನೀರುಪಾಲು. ಆದ್ದರಿಂದ ಕೆರೆಗೆ ನೀರು ಬಂದು ಮರಿ ಬಿಡುವ ಮೊದಲೇ ಗುತ್ತಿಗೆದಾರರು, ಮೀನುಗಾರರ ಸಹಕಾರ ಸಂಘದವರು, ಪಂಚಾಯತಿಯವರು, ದಂಡೆಯ ರೈತರು ಒಂದು ಕಡೆ ಕೂಡಿರಿ. ಈ ಕೆರೆಯಲ್ಲಿ ಇಷ್ಟು ಅಂಗುಲಕ್ಕಿಂತ ಸಣ್ಣ ಕಣ್ಣಿನ ಬಲೆ ಇಳಿಯಬಾರದು, ಇಂಥ ತಿಂಗಳಿನವರೆಗೆ ಯಾರೂ ಹಿಡಿಯಬಾರದು ಎಂದು ಗೊತ್ತುಮಾಡಿರಿ. ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಯಲ್ಲಿ ವಿಚಾರಿಸಿದರೆ ನಿಮ್ಮ ಕೆರೆಗೆ ಹೊಂದುವ ಅಳತೆ ಮತ್ತು ಈ ವರ್ಷದ ನಿಯಮಗಳನ್ನು ತಿಳಿಸುತ್ತಾರೆ. ಗೊತ್ತಾದ ಅಳತೆಯ ಒಂದು ಕಟ್ಟಿಗೆಯ ಪಟ್ಟಿ ಮಾಡಿ ಪಂಚಾಯತಿಯಲ್ಲಿ ಇಡಿರಿ. ಬಲೆಯ ಕಣ್ಣಿನಲ್ಲಿ ಆ ಪಟ್ಟಿ ಹಿಡಿಸಿದರೆ ಬಲೆ ನೀರಿಗಿಳಿಯಲಿ. ಹಿಡಿಸದಿದ್ದರೆ, ಅದು ಯಾರದೇ ಆಗಿರಲಿ, ದಂಡೆಯಲ್ಲಿಯೇ ಉಳಿಯಲಿ.